ಅಲಾರಂ ಬೆಂಗಳೂರಿನಲ್ಲಿ, ಅತ್ತೆ ಹರಿಹರದಲ್ಲಿ

ಅತ್ತೆಯ ತೋಳಿಗೆ ಶುಗರ್ ಸೆನ್ಸರ್ ಹಾಕಿಸಿ ಹೋದವನು ನನ್ನ ಮೈದುನ. ಅವನಿರುವುದು ಬೆಂಗಳೂರಿನಲ್ಲಿ, ಅತ್ತೆ ಹರಿಹರದಲ್ಲಿ ನಮ್ಮ ಜೊತೆ, ತೋರಿಸುವ ಡಾಕ್ಟರು ದಾವಣಗೆರೆಯಲ್ಲಿ. ದೊಡ್ಡ ನಾಣ್ಯದಂಥ ಬಿಲ್ಲೆ, 14 ದಿನ ಬಾಳಿಕೆ. ಅಂಕಿಯೆಲ್ಲ ಅವನ ಮೊಬೈಲಿಗೂ ಹೋಗುತ್ತಿತ್ತು.

ಒಂದು ರಾತ್ರಿ ಎರಡು ಗಂಟೆಗೆ ಫೋನು. "ಅತ್ತಿಗೆ, ಅಮ್ಮಂಗೆ ಶುಗರ್ 51! ಬೇಗ ಸಕ್ಕರೆ ನೀರು ಕುಡಿಸ್ರಿ." ಓಡಿ ಹೋಗಿ ಲೈಟು ಹಾಕಿದೆ. ಅತ್ತೆ ಬಿಲ್ಲೆ ಇದ್ದ ತೋಳಿನ ಮೇಲೇ ಮಗ್ಗುಲಾಗಿ ಗೊರಕೆ ಹೊಡೆಯುತ್ತಿದ್ದರು. ಬೆವರಿಲ್ಲ, ನಡುಕವಿಲ್ಲ. ಎಬ್ಬಿಸಿದರೆ, "ನಂಗೇನಾಗೇತಿ? ಯಾಕ್ ನಿದ್ದಿ ಕೆಡಿಸ್ತೀರಿ?" ಎಂದು ಗದರಿದರು. ಮೈದುನ ವಿಡಿಯೋ ಕಾಲ್‌ನಲ್ಲಿ ಕೂಗಾಡುತ್ತಿದ್ದ, ನಮ್ಮೆಜಮಾನರು ಸಕ್ಕರೆ ಡಬ್ಬಿ ಹಿಡಿದು ನಿಂತಿದ್ದರು. ನಾನು ಹಟ ಮಾಡಿ ಹಳೇ ಗ್ಲೂಕೋಮೀಟರ್ ಹುಡುಕಿ ಬೆರಳು ಚುಚ್ಚಿದೆ: 136. "ನಿಮ್ಮ ಮಷೀನೇ ಕೆಟ್ಟೇತಿ" ಅಂದ. ಕೈ ತೊಳೆಸಿ ಮತ್ತೆ ಚುಚ್ಚಿದೆ: 131. ಅತ್ತೆ ಎದ್ದು ಕೂತು ಸ್ವಲ್ಪ ಹೊತ್ತಿಗೆ ಬಿಲ್ಲೆಯ ಅಂಕಿಯೂ ತಾನಾಗಿ ಮೇಲೇರಿತು. ಅವನು ಫೋನಿಟ್ಟ. ತಪ್ಪಾಯ್ತು ಅಂತ ಇವತ್ತಿಗೂ ಅಂದಿಲ್ಲ.

ಬಿಲ್ಲೆ ನೋಡುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವಿನ ದ್ರವವನ್ನು. ಮೇಲೆ ಭಾರ ಬಿದ್ದರೆ ಸುಳ್ಳೇ ಕಡಿಮೆ ತೋರಿಸುತ್ತದೆ. ಅಂಟಿಸಿದ ಹುಡುಗ ಇದನ್ನು ಹೇಳಲಿಲ್ಲ. ಸ್ನಾನ ಮಾಡಬಹುದು ಅಂದ, ಅಷ್ಟೇ.

ಆಮೇಲೆ ಡಾಕ್ಟರ ಮುಂದೆ ಮೊಬೈಲ್ ಹಿಡಿದರೆ ಅವರು ಕಣ್ಣೆತ್ತಲಿಲ್ಲ. "ಇದೆಲ್ಲ ಬೇಡಮ್ಮ, ಖಾಲಿ ಹೊಟ್ಟೇದು, ಊಟದ ಮೇಲಿಂದು, ಎರಡು ಲ್ಯಾಬ್ ರಿಪೋರ್ಟ್ ತನ್ನಿ." ದೇಶದಲ್ಲಿ 10 ಕೋಟಿಗೂ ಹೆಚ್ಚು ಸಕ್ಕರೆ ಕಾಯಿಲೆಯವರಿದ್ದಾರೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತ್ತು, ಅರ್ಧದಷ್ಟು ಜನ ಆ ಬಾಗಿಲಲ್ಲೇ ಕೂತಂತಿತ್ತು, ಒಪ್ಪೋಣ. ಆದರೂ ಎರಡು ಮೆಡಿಕಲ್ ಕಾಲೇಜಿರುವ ಊರಲ್ಲಿ ಒಂದು ಗ್ರಾಫ್ ನೋಡಲು ಪುರುಸೊತ್ತಿಲ್ಲವೆಂದರೆ ಹೇಗೆ?

ಪ್ರಿಂಟ್ ತೆಗೆಸಿ ಬೇರೆ ಡಾಕ್ಟರಿಗೆ ತೋರಿಸಿದೆವು. ಅವರು ಬೆರಳಿಟ್ಟು ತೋರಿಸಿದರು: ಮಧ್ಯಾಹ್ನದ ಊಟಕ್ಕೆ ಮುಂಚೆ, ಅತ್ತೆ ಎಚ್ಚರವಿರುವಾಗಲೇ, ಹೆಚ್ಚುಕಡಿಮೆ ದಿನಾಲೂ 60ರ ಆಸುಪಾಸು. ಆ ಹೊತ್ತಿಗೆ "ಕೈಕಾಲು ಸೋತವು" ಅನ್ನುತ್ತಿದ್ದುದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ಲ್ಯಾಬಿನ ಎರಡು ರಿಪೋರ್ಟಿನಲ್ಲಿ ಇದು ಸಿಗುತ್ತಲೇ ಇರಲಿಲ್ಲ. ಬೆಳಗಿನ ಇನ್ಸುಲಿನ್ ಇಳಿಸಿದರು, ಸುಸ್ತು ಹೋಯಿತು.

ಹಾಗಾಗಿ, ಮಲಗುವ ಮಗ್ಗುಲಿನ ತೋಳಿಗೆ ಹಾಕಿಸಬೇಡಿ. ಗ್ಲೂಕೋಮೀಟರ್ ಎಸೆಯಬೇಡಿ. ಬೆವರು, ನಡುಕ, ತೊದಲು ಕಂಡರೆ ಮಾತ್ರ ಯಾವ ಮಷೀನಿಗೂ ಕಾಯದೆ ಸಕ್ಕರೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ಮತ್ತೆ, ಹಾಕಿಸುವ ಮೊದಲೇ ಡಾಕ್ಟರನ್ನು ಕೇಳಿ: "ಗ್ರಾಫ್ ನೋಡ್ತೀರಾ ಸರ್?" ಇಲ್ಲ ಅಂದರೆ ದುಡ್ಡು ಉಳಿಸಿ, ಇಲ್ಲವೇ ಡಾಕ್ಟರನ್ನು ಬದಲಿಸಿ.