ಒಂದು ದಿನ, ಮೂರು ಗಿರಿ



ನಮ್ಮ ಹೊಳೆನರಸೀಪುರದ ಹೆಸರಲ್ಲೇ ಹೊಳೆ ಇದೆ. ಅದು ಹೇಮಾವತಿ. ಗೊರೂರಿನ ಹತ್ತಿರ ಅದಕ್ಕೆ ಯಗಚಿ ಬಂದು ಸೇರುತ್ತದೆ. ಯಗಚಿ ಹುಟ್ಟುವುದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ. ಅಂದರೆ ಆ ಬೆಟ್ಟದ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ನಮ್ಮ ಸೇತುವೆ ಕೆಳಗೆ ಹರಿಯುತ್ತದೆ. ಆದ್ದರಿಂದ ಆ ಬೆಟ್ಟಗಳ ವಿಷಯ ತಿಳಿಯೋಣ.

ಮೂರು ಗಿರಿಗಳು

ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಒಂದೇ ಸಾಲಿನಲ್ಲಿವೆ. ಮುಳ್ಳಯ್ಯನಗಿರಿ 1930 ಮೀಟರ್. ಕರ್ನಾಟಕದಲ್ಲೇ ಅತಿ ಎತ್ತರ. ಬಾಬಾಬುಡನ್‌ಗಿರಿ 1895 ಮೀಟರ್. ಚೆನ್ನಾಗಿ ನಡೆಯುವವರು ಬೆಳಿಗ್ಗೆ ಬೇಗ ಹೊರಟು ಬೆಟ್ಟದ ನೆತ್ತಿಯ ಮೇಲೇ ನಡೆದು ಒಂದೇ ದಿನ ಇವನ್ನು ಮುಟ್ಟುತ್ತಾರೆ.

ಸ್ಕಾಟ್ಲೆಂಡಿನಲ್ಲಿ ಇದೊಂದು ದೊಡ್ಡ ಹವ್ಯಾಸ. 1891ರಲ್ಲಿ ಹ್ಯೂ ಮನ್ರೊ ಎಂಬವರು ಅಲ್ಲಿನ 3000 ಅಡಿ (914 ಮೀಟರ್) ಮೀರಿದ ಬೆಟ್ಟಗಳ ಪಟ್ಟಿ ಮಾಡಿದರು. ಈಗ ಆ ಪಟ್ಟಿಯಲ್ಲಿ 282 ಇವೆ. ಜನ ಒಂದೊಂದನ್ನೇ ಹತ್ತಿ ಗುರುತು ಹಾಕ್ಕೊಳ್ತಾರೆ. ತಮಾಷೆ ನೋಡಿ, ನಮ್ಮ ಊರು ಇರುವುದೇ ಸುಮಾರು 850 ಮೀಟರ್ ಎತ್ತರದಲ್ಲಿ!

ಎಷ್ಟು ಹೊತ್ತು ಬೇಕು? ಲೆಕ್ಕ ಮಾಡಿ

1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವರು ಒಂದು ಸೂತ್ರ ಹೇಳಿದರು. ಸುಮಾರು 5 ಕಿಲೋಮೀಟರಿಗೆ 1 ಗಂಟೆ. ಅದರ ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಉದಾಹರಣೆ: ದಾರಿ 12 ಕಿ.ಮೀ., ಒಟ್ಟು ಏರು 600 ಮೀಟರ್ ಎಂದುಕೊಳ್ಳಿ.
12 ÷ 5 = 2 ಗಂಟೆ 24 ನಿಮಿಷ
ಏರಿಗೆ = 1 ಗಂಟೆ
ಒಟ್ಟು = 3 ಗಂಟೆ 24 ನಿಮಿಷ

ಇದು ಗಟ್ಟಿಗರ ಲೆಕ್ಕ. ಊಟ, ವಿಶ್ರಾಂತಿ ಸೇರಿಲ್ಲ. ನಮ್ಮಂಥವರು ಇದರ ಎರಡರಷ್ಟು ಹೊತ್ತು ಇಟ್ಟುಕೊಳ್ಳುವುದೇ ವಾಸಿ.

ಮಂಜು ಯಾಕೆ ಬರುತ್ತೆ?

ಗಾಳಿ ಮೇಲೇರಿದಂತೆ ತಣ್ಣಗಾಗುತ್ತದೆ. ಸಾಮಾನ್ಯವಾಗಿ 1000 ಮೀಟರ್ ಹತ್ತಿದರೆ 6 ಡಿಗ್ರಿಯಷ್ಟು ಚಳಿ ಹೆಚ್ಚು. ತಣ್ಣಗಾದ ಗಾಳಿಯಲ್ಲಿನ ನೀರಾವಿ ಸಣ್ಣ ಹನಿಗಳಾಗುತ್ತದೆ. ಅದೇ ಮಂಜು, ಅದೇ ಮೋಡ. ನೋಡ್ತಾ ನೋಡ್ತಾ ಮುಂದಿನವರು ಕಾಣದಂತಾಗುತ್ತಾರೆ. ಎರಡೂ ಕಡೆ ಇಳಿಜಾರು. ಆಗ "ಇನ್ನೊಂದು ಗಿರಿ ಬಾಕಿ ಇದೆ" ಎಂದು ಹಟ ಹಿಡಿದರೆ ಪ್ರಾಣಕ್ಕೇ ಸಂಚಕಾರ.

ನೆನಪಿಡಬೇಕಾದ್ದು

1. ದೊಡ್ಡವರ ಜೊತೆಯಲ್ಲೇ ಹೋಗಿ. ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.
2. ವಾಪಸ್ ತಿರುಗುವ ಹೊತ್ತನ್ನು ಹೊರಡುವಾಗಲೇ ನಿಗದಿ ಮಾಡಿ. ಆ ಹೊತ್ತಾದರೆ, ಗಿರಿ ಕಣ್ಣೆದುರಿಗಿದ್ದರೂ ತಿರುಗಿ.
3. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆ.
4. ಗುಡುಗು ಕೇಳಿದ ಕೂಡಲೇ ನೆತ್ತಿ ಬಿಟ್ಟು ಕೆಳಗಿಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ.
5. ನೀರು, ರೊಟ್ಟಿ, ಬೆಲ್ಲ, ಬೆಚ್ಚನೆ ಬಟ್ಟೆ ಇರಲಿ. ಪ್ಲಾಸ್ಟಿಕ್ ಎಸೆಯಬೇಡಿ, ಬೆಂಕಿ ಹಚ್ಚಬೇಡಿ.

ಹುಲ್ಲು ಬರೀ ಹುಲ್ಲಲ್ಲ

ಈ ಬೆಟ್ಟಗಳ ಮೇಲೆ ಹುಲ್ಲುಗಾವಲು, ಕಣಿವೆಗಳ ಮಡಿಲಲ್ಲಿ ಶೋಲಾ ಕಾಡು. ಇವು ಮಳೆನೀರು ರಭಸವಾಗಿ ಕೊಚ್ಚಿ ಹೋಗದಂತೆ ತಡೆದು, ಮಣ್ಣಿಗೆ ಇಂಗಿಸಿ, ಆಮೇಲೆ ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ. ಇದೇ ಸಾಲಿನಲ್ಲಿ ಹುಟ್ಟುವ ವೇದಾ, ಅವತಿ ಸೇರಿ ವೇದಾವತಿಯಾಗಿ ಚಿತ್ರದುರ್ಗದ ಕಡೆ ಹರಿಯುತ್ತದೆ. ಒಂದೇ ಬೆಟ್ಟಸಾಲು ಕಾವೇರಿಗೂ ನೀರು ಕೊಡುತ್ತದೆ, ಕೃಷ್ಣೆಗೂ ಕೊಡುತ್ತದೆ! ಅಲ್ಲಿ ಹುಲ್ಲು ಸುಟ್ಟರೆ, ಮಣ್ಣು ಕೊಚ್ಚಿದರೆ, ಅದರ ಪೆಟ್ಟು ಕೆಳಗಿನ ಗದ್ದೆಗೂ ತಟ್ಟುತ್ತದೆ. ಆದ್ದರಿಂದ ದಾರಿ ಬಿಟ್ಟು ಹುಲ್ಲು ತುಳಿಯಬಾರದು.

ಯೋಚಿಸಿ ಉತ್ತರಿಸಿ

1. ದಾರಿ 10 ಕಿ.ಮೀ., ಏರು 900 ಮೀಟರ್. ನೇಸ್ಮಿತ್ ಸೂತ್ರದಂತೆ ಎಷ್ಟು ಹೊತ್ತು?
2. ನಮ್ಮೂರಲ್ಲಿ 28 ಡಿಗ್ರಿ ಇದ್ದಾಗ ಮುಳ್ಳಯ್ಯನಗಿರಿಯ ತುದಿಯಲ್ಲಿ ಸುಮಾರು ಎಷ್ಟಿರಬಹುದು?
3. ನಿಮ್ಮ ಮನೆಯ ಗದ್ದೆಗೆ ಬರುವ ನೀರು ಯಾವ ಬೆಟ್ಟದ್ದು? ಅಜ್ಜ ಅಜ್ಜಿಯನ್ನು ಕೇಳಿ ಬರೆಯಿರಿ.