ಗುಂಡಯ್ಯನ ಮಡಕೆ: ಹರಿಹರನ ರಗಳೆಯಲ್ಲಿ ದಿನಬಳಕೆಯ ಪಾತ್ರೆಯ ಭಾವಾರ್ಥ

ಕನ್ನಡ ಕಾವ್ಯಪರಂಪರೆಯಲ್ಲಿ ಮಡಕೆಯ ರೂಪಕಕ್ಕೆ ಬಹುಮಟ್ಟಿಗೆ ಒಂದೇ ಭಾವದ ಹೊರೆ ಬಿದ್ದಿದೆ. ಮಡಕೆಯೆಂದೊಡನೆ ದೇಹ, ದೇಹವೆಂದೊಡನೆ ಒಡೆಯುವಿಕೆ, ಅದರ ಬೆನ್ನಿಗೇ ವೈರಾಗ್ಯ. ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯನ್ನೂ ಈ ಜಾಡಿನಲ್ಲಿ ಓದುವುದುಂಟು. ಅದಕ್ಕೆ ಕೃತಿಯಲ್ಲಿಯೇ ಆಸ್ಪದವಿದೆ; ಕುಂಬಾರಿಕೆಯ ಪರಿಕರಗಳನ್ನು ಶರೀರಕ್ಕೂ ಯೋಗಸಾಧನೆಗೂ ಹೊಂದಿಸಿ ಹೇಳುವ ಭಾಗ ಅಲ್ಲಿದೆ. ಆದರೆ ಪಾಠ ಅಲ್ಲಿಗೇ ನಿಂತರೆ ರಗಳೆಯ ಜೀವ ಕೈತಪ್ಪುತ್ತದೆ.

ಕಥೆ ಸರಳವಾದುದು. ಗುಂಡಯ್ಯನ ಊರು ಭಲ್ಲುಕೆ. ಇದನ್ನು ಇಂದಿನ ಬೀದರ ಜಿಲ್ಲೆಯ ಭಾಲ್ಕಿಯೆಂದು ಗುರುತಿಸಲಾಗಿದೆ. ಅವನು ಮಡಕೆ ಮಾಡುತ್ತಾನೆ, ಮಡಕೆಯನ್ನು ಬಾರಿಸುತ್ತಾನೆ. ಆ ನಾದಕ್ಕೆ ಸೋತ ಶಿವ ಅವನೆದುರು ಕುಣಿಯುತ್ತಾನೆ. ಇಲ್ಲಿ ಮಡಕೆಯ ಅರ್ಥ ಹುಟ್ಟುವುದು ಅದರ ಸದ್ದಿನಿಂದ. ಮಡಕೆಯ ಸದ್ದಿಗೆ ಕಿವಿಗೊಡುವುದು ಕವಿಯ ಕಲ್ಪನೆ ಮಾತ್ರವಲ್ಲ. ಬೇಸಿಗೆಯಲ್ಲಿ ಸಂತೆಗೆ ಹೋಗಿ ಹರವಿ ಕೊಳ್ಳುವವರು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿ ಕೇಳುತ್ತಾರೆ. ಚೆನ್ನಾಗಿ ಬೆಂದದ್ದು ಕಣಕಣ ಎನ್ನುತ್ತದೆ, ಬಿರುಕುಬಿಟ್ಟದ್ದು ಬೊದ್ದು ದನಿ ಕೊಡುತ್ತದೆ. ಮಣ್ಣಿನ ಹದ, ಆವಿಗೆಯ ಬೆಂಕಿ, ಕುಂಬಾರನ ಕೈ ಎಲ್ಲವೂ ಆ ಒಂದು ದನಿಯಲ್ಲಿ ಪರೀಕ್ಷೆಗೊಳಗಾಗುತ್ತವೆ. ಹರಿಹರ ಈ ಲೌಕಿಕ ಪರೀಕ್ಷೆಯನ್ನು ಹೆಸರಿಸದಿದ್ದರೂ ಅದನ್ನು ಬಲ್ಲ ಓದುಗನಿಗೆ ಶಿವನ ಕುಣಿತ ಬೇರೆಯಾಗಿಯೇ ಕಾಣುತ್ತದೆ: ದೇವರು ಒಲಿದಿರುವುದು ಒಂದು ಕೆಲಸದ ಅಚ್ಚುಕಟ್ಟಿಗೂ ಹೌದು. ಟೊಳ್ಳಾದ ಮಡಕೆಯೇ ನುಡಿಯಬಲ್ಲುದು ಎಂಬುದೂ ಇಲ್ಲಿ ನೆನೆಯತಕ್ಕದ್ದು. ವೈರಾಗ್ಯದ ಪದ್ಯಗಳಲ್ಲಿ ಕೊರತೆಯೆನಿಸುವ ಬರಿದುತನ ಇಲ್ಲಿ ನಲಿವಿಗೆ ಎಡೆಯಾಗಿದೆ.

ಇದೇ ಮನೆಯ ಇನ್ನೊಂದು ಮಡಕೆಯ ಭಾವ ಬೇರೆ. ಗುಂಡಯ್ಯನ ಮಡದಿ ಕೇತಲದೇವಿ ‘ಕುಂಭೇಶ್ವರ’ ಅಂಕಿತದಲ್ಲಿ ವಚನ ರಚಿಸಿದವಳು. ಹದಗೊಂಡ ಮಣ್ಣಿನಿಂದಲೇ ಮಡಕೆಯಾದೀತೆಂಬ ಕಸುಬಿನ ಅನುಭವವನ್ನು ಅವಳು ವ್ರತನಿಷ್ಠೆಗೆ ಅನ್ವಯಿಸುತ್ತಾಳೆ. ಅವಳಲ್ಲಿರುವುದು ಹದ ತಪ್ಪೀತೆಂಬ ಎಚ್ಚರ, ಒಂದಿಷ್ಟು ಆತಂಕ ಕೂಡ. ರಗಳೆಯ ಸಂಭ್ರಮದ ಪಕ್ಕದಲ್ಲಿ ಈ ಬಿಗಿಯನ್ನಿಟ್ಟು ನೋಡಿದಾಗಲೇ ಒಂದು ಪಾತ್ರೆಗೆ ಎಷ್ಟು ಭಾವಗಳು ಸಾಧ್ಯವೆಂಬುದು ತಿಳಿಯುತ್ತದೆ.

ಬಸವಣ್ಣನಾದರೋ ಮಡಕೆ, ಮೊರ ಮೊದಲಾದವನ್ನು ದೈವವೆಂದು ಪೂಜಿಸುವುದನ್ನು ಗೇಲಿ ಮಾಡಿದ್ದಾನೆ. ಅವನನ್ನೇ ‘ಬಸವರಾಜದೇವರ ರಗಳೆ’ಯ ನಾಯಕನನ್ನಾಗಿಸಿದ ಹರಿಹರ ಆ ಗೇಲಿಯನ್ನು ಮೀರಲು ಯತ್ನಿಸುವುದಿಲ್ಲ. ಗುಂಡಯ್ಯನ ಮಡಕೆಗೆ ಪೂಜೆಯಿಲ್ಲ. ಅದು ಕುಂಬಾರನ ಕೈಯಲ್ಲಿದೆ, ಕೈ ಅದರ ಮೇಲೆ ಬೀಳುತ್ತಿದೆ, ಶಿವ ಎದುರಿಗೆ ಕುಣಿಯುತ್ತಿದ್ದಾನೆ.