ರೋಂಶಾಂ ಗುಡ್ಡಕ್ಕೆ ಹೋಗುವುದಾದರೆ

ಪೂರ್ವ ಫ್ರಾನ್ಸಿನ ರೋಂಶಾಂ ಸಣ್ಣ ಊರು. ಊರ ಮೇಲಿನ ಬೂರ್ಲೆಮೋಂ ಗುಡ್ಡದ ಚಾಪೆಲ್ ನೋಡಲು ಜಗತ್ತಿನ ವಾಸ್ತುಶಿಲ್ಪ ವಿದ್ಯಾರ್ಥಿಗಳೆಲ್ಲ ಬರುತ್ತಾರೆ. ಹೆಚ್ಚಿನವರು ಅದನ್ನು ರೂಪಿಸಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆಯ ಹೆಸರು ಕೇಳಿ ಬಂದು, ನಾಲ್ಕು ಫೋಟೊ ತೆಗೆದು ಇಳಿಯುತ್ತಾರೆ. ಆ ಗುಡ್ಡ ಕಂಡ ಚಾಪೆಲ್ ಇದೊಂದೇ ಅಲ್ಲ ಎಂಬುದು ಗೊತ್ತಿದ್ದರೆ ನೋಡುವ ಬಗೆಯೇ ಬೇರೆಯಾಗುತ್ತದೆ.

ಪ್ಯಾರಿಸ್ಸಿನಿಂದ ಬೆಲ್ಫೋರ್‌ಗೆ ವೇಗದ ರೈಲಿನಲ್ಲಿ ಎರಡೂವರೆ ಗಂಟೆಯ ಹಾದಿ. ಆ ನಿಲ್ದಾಣ ಊರಾಚೆ ಇದೆ. ಬೆಲ್ಫೋರ್ ಪಟ್ಟಣದ ಸ್ಟೇಷನ್ನಿಗೆ ಬಂದು ರೋಂಶಾಂಗೆ ಲೋಕಲ್ ರೈಲು ಹಿಡಿಯಬೇಕು. ರೈಲುಗಳು ಕಮ್ಮಿ. ಮರಳುವ ರೈಲಿನ ಹೊತ್ತು ನೋಡಿಕೊಂಡೇ ಗುಡ್ಡ ಹತ್ತಿ. ಬೆಲ್ಫೋರ್‌ನಲ್ಲಿ ಒಂದು ರಾತ್ರಿ ತಂಗಿದರೆ ಇನ್ನೂ ಒಳ್ಳೆಯದು.

ಕಾಲು ಗಟ್ಟಿಯಿದ್ದವರು ಸ್ಟೇಷನ್ನಿನಿಂದ ನಡೆದೇ ಹೋಗಿ. ಏರುದಾರಿ, ಸುಮಾರು ಎರಡು ಕಿಲೋಮೀಟರ್. ಕಲ್ಲಿದ್ದಲು ಗಣಿಯ ಹಳೆಯ ಕಾಂಕ್ರೀಟ್ ಗೋಪುರವನ್ನೂ ಕಾಣಬಹುದು. 1958ರಲ್ಲಿ ಗಣಿ ಮುಚ್ಚುವವರೆಗೆ ಇದು ಗಣಿ ಕೂಲಿಗಳ ಊರು. ಮೇಲೆ ಅಂಗಡಿಗಳ ಸಾಲನ್ನು ನಿರೀಕ್ಷಿಸಬೇಡಿ, ಬುತ್ತಿ ಕಟ್ಟಿಕೊಳ್ಳಿ. ಪ್ರವೇಶಕ್ಕೆ ಟಿಕೆಟ್ ಇದೆ.

ಮೇರಿಯಮ್ಮನ ಹೆಸರಿನ ಈ ಗುಡ್ಡಕ್ಕೆ ಯಾತ್ರಿಕರು ಬರುವುದು ಶತಮಾನಗಳ ರೂಢಿ. ಫ್ರೆಂಚ್ ಕ್ರಾಂತಿಯಲ್ಲಿ ಸರ್ಕಾರದ ಪಾಲಾದ ಚಾಪೆಲನ್ನು ಊರಿನ ಕುಟುಂಬಗಳೇ ಸೇರಿ ಕೊಂಡುಕೊಂಡವು. 1913ರಲ್ಲಿ ಸಿಡಿಲು ಬಡಿದು ಅದು ಸುಟ್ಟಿತು. ಮತ್ತೆ ಕಟ್ಟಿದ್ದು 1944ರ ಯುದ್ಧದಲ್ಲಿ ಶೆಲ್ ಬಿದ್ದು ಹಾಳಾಯಿತು. 1950ರಲ್ಲಿ ಚರ್ಚಿನವರು ಹೊಸ ಚಾಪೆಲ್ ಕಟ್ಟಿಕೊಡಲು ಕೇಳಿದಾಗ ಕಾರ್ಬೂಸಿಯೆ ಮೊದಲು ಒಪ್ಪಲಿಲ್ಲ. ಗುಡ್ಡ ನೋಡಿದ ಮೇಲೆ ಒಪ್ಪಿದ. ಸಾಮಾನು ಸಾಗಿಸುವುದೇ ಅಲ್ಲಿ ದೊಡ್ಡ ಪಾಡು. ಹಾಗಾಗಿ ಬಿದ್ದ ಚಾಪೆಲಿನ ಕಲ್ಲುಗಳನ್ನೇ ಹೊಸ ಗೋಡೆಗಳಿಗೆ ತುಂಬಿಸಿದ. ನೀವು ಕೈಯಿಟ್ಟು ಮುಟ್ಟುವ ಆ ಬಿಳಿ ಗೋಡೆಯೊಳಗೆ ಹಳೆಯದು ಇದೆ! ಉಳಿದ ಕಲ್ಲುಗಳು ಹೊರಗಿನ ಮೆಟ್ಟಿಲು ಪಿರಮಿಡ್ಡಾಗಿವೆ. ಅದು ಆ ಯುದ್ಧದಲ್ಲಿ ಮಡಿದ ಸೈನಿಕರ ಸ್ಮಾರಕ. ಜನ ಅದರ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುವುದುಂಟು.

1955ರ ಜೂನ್ 25ರಂದು ಈಗಿನ ಚಾಪೆಲ್ ಪ್ರತಿಷ್ಠೆಯಾಯಿತು. ಒಳಗೆ ಹೋದವರು ಮೊದಲು ತಲೆಯೆತ್ತಿ ನೋಡಿ: ಅಷ್ಟು ಭಾರಿ ಕಾಂಕ್ರೀಟ್ ಸೂರು ಗೋಡೆಯ ಮೇಲೆ ಕೂತೇ ಇಲ್ಲ. ನಡುವಿನ ಸಣ್ಣ ಸಂದಿಯಲ್ಲಿ ಬೆಳಕು ಇಣುಕುತ್ತದೆ. ಭಾರ ಹೊರುವುದು ಗೋಡೆಯೊಳಗೆ ಅಡಗಿದ ಕಂಬಗಳು. ನೆಲ ಗುಡ್ಡದ ಇಳಿಜಾರಿನಂತೆಯೇ ಪೀಠದ ಕಡೆ ಇಳಿಯುತ್ತದೆ. ದಕ್ಷಿಣದ ದಪ್ಪ ಗೋಡೆಯ ಕಿಟಕಿಗಾಜುಗಳಲ್ಲಿ ಕೆಲವಕ್ಕೆ ಕಾರ್ಬೂಸಿಯೆಯೇ ಬಣ್ಣ ಹಚ್ಚಿದ್ದ. 2014ರಲ್ಲಿ ಕಿಡಿಗೇಡಿಗಳು ಅಂಥದೊಂದನ್ನು ಒಡೆದರು. ಪೂರ್ವದ ಗೋಡೆಯ ಗಾಜಿನ ಗೂಡಿನಲ್ಲಿರುವ ಮರದ ಮೇರಿ ಪ್ರತಿಮೆಯನ್ನು ಹೊರಗಿನ ಯಾತ್ರಿಕರ ಕಡೆಗೂ ತಿರುಗಿಸಬಹುದು. ಬೆಳಗ್ಗೆಯೇ ಹೋದರೆ ಆ ಗೂಡಿನ ಹಿಂದೆ ಬಿಸಿಲು ಇರುತ್ತದೆ.

ಮಳೆ ಬಂದರೆ ಬೇಸರ ಬೇಡ, ಪಶ್ಚಿಮದ ಕಡೆ ಓಡಿ. ಸೂರಿನ ನೀರೆಲ್ಲ ಮೂಗಿನ ಹೊಳ್ಳೆಯಂಥ ಒಂದೇ ದೋಣಿಯಿಂದ ಕೆಳಗಿನ ತೊಟ್ಟಿಗೆ ಧುಮುಕುತ್ತದೆ. ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಬಲು ಚೆಂದದ್ದು ಅದೇ.

ಕಾರ್ಬೂಸಿಯೆಯೇ ರೂಪಿಸಿದ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಕಂಡವರಿಗೆ ಇಲ್ಲಿ ಪರಿಚಯದ ಕೈ ಕಾಣುತ್ತದೆ. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಎರಡೂ ಒಟ್ಟಿಗೇ ಸೇರಿದವು. ಗುಡ್ಡದ ಮಗ್ಗುಲಲ್ಲಿ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಕಟ್ಟಿದ ಸನ್ಯಾಸಿನಿಯರ ಮಠವಿದೆ, 2011ರದ್ದು. ಅಲ್ಲಿ ದನಿ ತಗ್ಗಿಸಿ.

ಸೆಪ್ಟೆಂಬರ್ 8ರ ಮೇರಿ ಜಯಂತಿಗೆ ಯಾತ್ರಿಕರು ಸೇರಿ ಬಯಲಿನ ಪೀಠದಲ್ಲಿ ಪೂಜೆ ನಡೆಯುತ್ತದೆ. ಜನಜಂಗುಳಿ ಇಷ್ಟವಿದ್ದರೆ ಆ ದಿನ, ಕಟ್ಟಡವನ್ನೇ ನೋಡಬೇಕಿದ್ದರೆ ಬೇರೆ ದಿನ.